ಉಗುರಿಗೆ ಬಣ್ಣ ಬರುವವರೆಗೆ

ಒಳಗೆ ಹರಿಯುವ ನೆತ್ತರಿನ ಸಮಾಚಾರ ಹೊರಗಿನವರಿಗೂ ತಿಳಿಯಲೆಂದು ಭಗವಂತ ಬೆರಳ ತುದಿಗಳಲ್ಲಿ ಪುಟ್ಟ ಕಿಟಕಿಗಳನ್ನಿಟ್ಟ. ಉಗುರನ್ನು ಒತ್ತಿದರೆ ಬಿಳುಪಾಗುತ್ತದೆ, ಬಿಟ್ಟರೆ ಕೆಂಪು ಓಡಿ ಬರುತ್ತದೆ. ಆ ಶುಕ್ರವಾರ ಮಧ್ಯಾಹ್ನ ಜಯನಗರದ ಒಂದು ಸಣ್ಣ ಆಸ್ಪತ್ರೆಯಲ್ಲಿ, ನಾಗಲಕ್ಷ್ಮಮ್ಮನ ಎಡಗಾಲಿನ ಎರಡನೆಯ ಬೆರಳಿಗೆ ಕೆಂಪು ಬರಲಿಲ್ಲ.

ಕೋಣನಕುಂಟೆಯ ಹೆಂಗಸು. ಗಂಡ ಮುನಿಯಣ್ಣನ ಜೊತೆ ಬನಶಂಕರಿಯಮ್ಮನಿಗೆ ರಾಹುಕಾಲದ ನಿಂಬೆಹಣ್ಣಿನ ದೀಪ ಹಚ್ಚಿ ಮನೆಗೆ ಹೊರಟಿದ್ದಳು. ದಾರಿಯಲ್ಲಿ ಆಟೋ ಮಗುಚಿತು. ಅವಳ ಕಣಕಾಲು ಮುರಿದಿತ್ತು. ಮುನಿಯಣ್ಣನ ತಲೆಗೆ ಪೆಟ್ಟಾಗಿ, ಅವನನ್ನು ಮೇಲಿನ ಮಹಡಿಯ ಐಸಿಯುವಿನಲ್ಲಿ, ಬಾಯಿಗೆ ಪೈಪು ಹಾಕಿ ಮಲಗಿಸಿದ್ದರು.

ಕೆಳಗಿನ ವಾರ್ಡಿನಲ್ಲಿ ನರ್ಸ್ ತೇಜಸ್ವಿನಿ ತಲೆಯಿಂದ ಶುರುಮಾಡಿದಳು. ಜಡೆ ಬಿಚ್ಚಿ, ಕೂದಲನ್ನು ಎಳೆಎಳೆಯಾಗಿ ಸರಿಸಿ ನೋಡಿದಳು. ಮುಡಿದಿದ್ದ ಕನಕಾಂಬರದಲ್ಲಿ ಗಾಜಿನ ಚೂರುಗಳಿದ್ದವು, ನೆತ್ತಿಗೆ ಗಾಯವಿರಲಿಲ್ಲ. ಮುಖದ ತುಂಬ ಅರಿಶಿನ.

"ಇದನ್ನ ಒರೆಸ್ತೀನಮ್ಮ, ಚರ್ಮದ ಬಣ್ಣ ನೋಡ್ಬೇಕು."

"ಶುಕ್ರವಾರ ಮುಖ ಒರೆಸ್ಬೇಡ ಕಣಮ್ಮ. ಬಣ್ಣ ನೋಡಕ್ಕೆ ನಾನೇನು ಮದುವೆ ಹೆಣ್ಣಾ?"

ತೇಜಸ್ವಿನಿ ನಕ್ಕು, ಕೆಳರೆಪ್ಪೆ ಎಳೆದು ಅಲ್ಲೇ ಬಣ್ಣ ನೋಡಿಕೊಂಡಳು. ಕೈಯ ಹಿಂಬದಿಯಿಂದ ಎರಡೂ ಪಾದಗಳನ್ನು ಮುಟ್ಟಿದಳು. ಬಲದ್ದು ಬೆಚ್ಚಗಿತ್ತು. ಎಡದ್ದು ಊದಿಕೊಂಡು, ಬೆಳ್ಳಿಯ ಕಾಲುಂಗುರ ಮಾಂಸದಲ್ಲಿ ಹೂತುಹೋಗಿತ್ತು. ಅದರಾಚೆಗಿನ ಬೆರಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ ತಣ್ಣಗಿತ್ತು.

"ಉಂಗುರ ಕತ್ತರಿಸ್ಬೇಕಮ್ಮ. ಬಿಟ್ರೆ ಬೆರಳು ಹೋಗುತ್ತೆ."

"ಹೋಗ್ಲಿ ಬಿಡು. ಹತ್ತರಲ್ಲಿ ಒಂದು ತಾನೇ."

"ಆಪರೇಷನ್ ಅಂದ್ರೆ ತಾಳಿ ತೆಗೆದಿಟ್ಟು ಅರಿಶಿನದ ಕೊಂಬು ಕಟ್ಕೊಳ್ಳಲ್ವಾ? ಹಾಗೇ ಬೆರಳಿಗೂ ಅರಿಶಿನದ ದಾರ ಕಟ್ಟೋಣ."

"ಇದನ್ನ ಹಾಕಿದ್ದು ಅವರು ಕಣಮ್ಮ. ಚಪ್ಪರದಲ್ಲಿ ಎಲ್ಲರೆದುರಿಗೆ ಬಗ್ಗಿ, ನನ್ನ ಕಾಲು ಹಿಡ್ಕೊಂಡು. ಆಮೇಲೆ ಆ ಮನುಷ್ಯ ಇನ್ನೊಬ್ಬರ ಮುಂದೆ ಬಗ್ಗಿದ್ದೇ ಇಲ್ಲ." ನಾಗಲಕ್ಷ್ಮಮ್ಮ ನೋವಿನಲ್ಲೂ ನಕ್ಕಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಗನ ಕಡೆ ತಿರುಗಿದಳು. "ಮಹೇಶ, ಹೋಗಿ ಅವರನ್ನೇ ಕೇಳು. ಮಾತಾಡಕ್ಕಾಗಲ್ಲ, ಗೊತ್ತು. ಕೈ ಹಿಡ್ಕೊಂಡು ಕೇಳು. ಒಪ್ಪಿಗೆ ಇದ್ರೆ ನಿನ್ನ ಕೈ ಅದುಮ್ತಾರೆ. ಆಗ ತೆಗೀಲಿ."

ಮಹೇಶ ಮೆಟ್ಟಿಲು ಹತ್ತಿ ಹೋದ. ಎಷ್ಟು ಹೊತ್ತಾದರೂ ಇಳಿದು ಬರಲಿಲ್ಲ. ತೇಜಸ್ವಿನಿ ಮತ್ತೊಮ್ಮೆ ಉಗುರು ಒತ್ತಿ ನೋಡಿ ಎದ್ದಳು. ಅವನು ಮೆಟ್ಟಿಲ ತಿರುವಿನಲ್ಲಿ ಕುಳಿತಿದ್ದ.

"ಹೋಗ್ಬಿಟ್ರು, ಸಿಸ್ಟರ್. ನಾನು ಹೋಗೋ ಹೊತ್ತಿಗೆ ಮುಖ ಮುಚ್ಚಿದ್ರು."

ಅವಳು ಅವನ ಪಕ್ಕ ಮೆಟ್ಟಿಲ ಮೇಲೆ ಕುಳಿತಳು.

"ಅಮ್ಮಂಗೆ ಈಗ್ಲೇ ಹೇಳ್ಬೇಡಿ. ತಡ್ಕೊಳ್ಳಲ್ಲ."

"ಬೆರಳು ಕಾಯಲ್ಲ, ಅಣ್ಣ."

"ಗೊತ್ತು. ಒಪ್ಪಿದ್ರು ಅಂತ ನಾನೇ ಹೇಳ್ತೀನಿ. ನೀವು ಸುಮ್ನಿದ್ಬಿಡಿ."

ಒಂದು ಬೆರಳಿಗಾಗಿ ಇಂಥ ಸುಳ್ಳು ಆಗಬಹುದೇ ಎಂದು ತೇಜಸ್ವಿನಿ ದೇವರನ್ನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತೆಂಬ ಭಯ ಅವಳಿಗೆ. ಉಂಗುರ ಕತ್ತರಿಸುವ ಸಲಕರಣೆ, ಒದ್ದೆ ಹತ್ತಿ, ಅರಿಶಿನದಲ್ಲಿ ತೋಯಿಸಿದ ದಾರ ಟ್ರೇಯಲ್ಲಿಟ್ಟುಕೊಂಡು ಅವನ ಹಿಂದೆಯೇ ಬಂದಳು.

ಮಹೇಶ ಮಂಚದ ಪಕ್ಕ ನಿಂತ. ಮುಖ ತೊಳೆದುಕೊಂಡು ಬಂದಿದ್ದ.

"ಕೇಳ್ದೆ ಅಮ್ಮ. ಅಪ್ಪ ಹೂಂ ಅಂದ್ರು."

ನಾಗಲಕ್ಷ್ಮಮ್ಮ ಮಗನನ್ನೇ ನೋಡಿದಳು.

"ಬಾಯಲ್ಲಿ ಪೈಪ್ ಇಟ್ಕೊಂಡು ಹೂಂ ಅಂದ್ರಾ?"

ಅವನ ನೋಟ ನೆಲಕ್ಕಿಳಿಯಿತು. ಅಮ್ಮ ಕಾಲ ಮೇಲಿನ ಹೊದಿಕೆಯನ್ನು ತಾನೇ ಸರಿಸಿದಳು.

"ತೆಗಿ ಕಣಮ್ಮ."

ಕತ್ತರಿ ಬೆಳ್ಳಿಯನ್ನು ಸಣ್ಣಗೆ ಕೊರೆಯಿತು. ಉಂಗುರ ಎರಡು ಹೋಳಾಗಿ ಟ್ರೇಗೆ ಬಿತ್ತು. ತೇಜಸ್ವಿನಿ ದಾರ ಕೈಗೆತ್ತಿಕೊಂಡಳು.

"ಅದು ಬೇಡ. ಬಲಗಾಲಿಂದೂ ತೆಗಿ."

"ಬಲಗಾಲು ಚೆನ್ನಾಗಿದೆ ಅಮ್ಮ. ಅದನ್ನ ತೆಗೆಯೋ ಅಗತ್ಯ ಇಲ್ಲ."

"ತೆಗಿ."

ಅದಕ್ಕೆ ಕತ್ತರಿ ಬೇಕಾಗಲಿಲ್ಲ, ಸಲೀಸಾಗಿ ಜಾರಿಬಂತು. ಮಹೇಶ ಗೋಡೆಯ ಕಡೆ ತಿರುಗಿ ನಿಂತಿದ್ದ, ಅವನ ಭುಜಗಳು ಅಲುಗುತ್ತಿದ್ದವು. ತೇಜಸ್ವಿನಿ ತಲೆ ತಗ್ಗಿಸಿ ಎಡಗಾಲಿನ ಉಗುರನ್ನು ಒತ್ತಿ ಬಿಟ್ಟಳು. ಬಿಳುಪು ಹಾಗೇ ನಿಂತಿತ್ತು. ಬಹಳ ಹೊತ್ತಿನ ಮೇಲೆ ಉಗುರಿನ ಬುಡದಿಂದ ಮಸುಕು ಕೆಂಪು ತೆವಳುತ್ತಾ ಬಂತು.

"ಬಣ್ಣ ಬರ್ತಾ ಇದೆ ಅಮ್ಮ," ಎಂದು ತಲೆಯೆತ್ತಿದಳು.

ನಾಗಲಕ್ಷ್ಮಮ್ಮ ಟ್ರೇಯಿಂದ ಒದ್ದೆ ಹತ್ತಿ ತೆಗೆದುಕೊಂಡು ಕೆನ್ನೆಯ ಅರಿಶಿನ ಒರೆಸಿಕೊಳ್ಳುತ್ತಿದ್ದಳು. ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಹಳದಿಯಾದ ಹತ್ತಿಯನ್ನು ಉಂಗುರಗಳ ಪಕ್ಕ ಇಟ್ಟು, ಮುಖವನ್ನು ಬೆಳಕಿನ ಕಡೆ ಹಿಡಿದಳು.

"ಚರ್ಮದ ಬಣ್ಣ ನೋಡ್ಬೇಕು ಅಂದೆಯಲ್ಲಮ್ಮ. ಈಗ ನೋಡ್ಕೋ."