ಷಡ್ಡಕನ ದನಿ ಡಬ್ಬಿ

ಹೊಟ್ಟೆಕಿಚ್ಚಿಗೆ ಔಷಧಿ ಇಲ್ಲ ಎನ್ನುತ್ತಾರೆ. ಗಡಿಯಾರ ರಿಪೇರಿಯವನ ಪಾಡು ಇನ್ನೂ ಕಷ್ಟ. ಅವನಿಗೆ ಆ ಕಿಚ್ಚು ಹಚ್ಚಿದವನೇ ಔಷಧಿ ಅಂಗಡಿಯವನು. ಸಾಲದ್ದಕ್ಕೆ ಸ್ವಂತ ಷಡ್ಡಕ, ಹೆಂಡತಿಯ ತಂಗಿಯ ಗಂಡ.

ಇಬ್ಬರಿಗೂ ಹ್ಯಾಮ್ ರೇಡಿಯೋ ಹುಚ್ಚು, ಮನೆಯಲ್ಲೇ ಸೆಟ್ಟು ಇಟ್ಟುಕೊಂಡು ದೂರದೂರದವರ ಜೊತೆ ಮಾತಾಡುವ ಹವ್ಯಾಸ. ಹುಚ್ಚು ಹಿಡಿಸಿದವನು ಗಡಿಯಾರದವನೇ. ಬೆಸುಗೆ ಹಾಕುವುದು, ಆಂಟೆನಾ ಕಟ್ಟುವುದು, ಹಳೇ ವಾಲ್ವ್ ಸೆಟ್ಟನ್ನು ಹದಕ್ಕೆ ತರುವುದು, ಎಲ್ಲವನ್ನೂ ಷಡ್ಡಕನಿಗೆ ಕೈ ಹಿಡಿದು ಕಲಿಸಿದ್ದ. ಸಿಂಗಲ್ ಸೈಡ್‌ಬ್ಯಾಂಡ್ ಎಂಬ ಬಗೆಯ ಪ್ರಸಾರದಲ್ಲಿ ಡಯಲ್ ಕೂದಲೆಳೆಯಷ್ಟು ಆಚೀಚೆಯಾದರೂ ಎದುರಿನವನ ಮಾತು ಬಾತುಕೋಳಿಯ ಕೂಗಾಗುತ್ತದೆ. ಅದನ್ನು ಮತ್ತೆ ಮನುಷ್ಯರ ಮಾತಾಗಿಸುವಷ್ಟು ಬೆರಳು ಪಳಗಲು ಷಡ್ಡಕನಿಗೆ ಒಂದು ಇಡೀ ಬೇಸಿಗೆ ಹಿಡಿಯಿತು. ಆಗ ಅವನು "ಭಾವ, ಭಾವ" ಎಂದು ಹಿಂದೆ ಹಿಂದೆಯೇ ಸುತ್ತುತ್ತಿದ್ದ. ಆ ದಿನಗಳು ಚೆನ್ನಾಗಿದ್ದವು.

ಎಲ್ಲ ಕೆಟ್ಟದ್ದು ಒಂದು ಡಬ್ಬಿಯಿಂದ. ಷಡ್ಡಕ ಎಲ್ಲಿಂದಲೋ ನಲವತ್ತು ವರ್ಷ ಹಳೆಯ ಸ್ಪೀಚ್ ಪ್ರೊಸೆಸರ್ ತಂದ. ಮೈಕಿಗೂ ಸೆಟ್ಟಿಗೂ ನಡುವೆ ಕೂರುವ ಬೂದು ಬಣ್ಣದ ಡಬ್ಬಿ ಅದು. ಮೆಲ್ಲಗಿನ ಸದ್ದನ್ನೂ ಎತ್ತಿ ಜೋರು ಸದ್ದಿಗೆ ಸಮ ಮಾಡುವುದೇ ಅದರ ಕೆಲಸ. ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿದ್ದವನು ಮರುದಿನವೇ ಗಂಟೆ ಹೊಡೆದಂತೆ ಮಾತಾಡತೊಡಗಿದ. ರೇಡಿಯೋದಲ್ಲಿ ದಿನಾ ಬೆಳಿಗ್ಗೆ ಸೇರುವ ಕೂಟದವರು "ಆಹಾ, ಏನು ದನಿ!" ಎಂದರು. ಇಪ್ಪತ್ತು ವರ್ಷದಲ್ಲಿ ಗಡಿಯಾರದವನ ದನಿಯನ್ನು ಒಬ್ಬನಾದರೂ ಹಾಗೆ ಹೊಗಳಿದ್ದುಂಟೆ?

ಇದೇ ಹೊತ್ತಿಗೆ ಕೂಟ ನಡೆಸುತ್ತಿದ್ದ ಮೇಷ್ಟ್ರು, ತಮ್ಮ ಕಿವಿ ಮಂದವಾಯಿತು, ಇನ್ನು ಬೇರೆಯವರು ಕೂರಲಿ ಎಂದರು. ಒಬ್ಬೊಬ್ಬರನ್ನೇ ಸರದಿಯಂತೆ ಕರೆದು ಮಾತಾಡಿಸುವ ಆ ಕುರ್ಚಿ ತನಗೇ ಎಂದು ಗಡಿಯಾರದವನು ಎಂದೋ ತೀರ್ಮಾನಿಸಿಕೊಂಡಿದ್ದ. ಈಗ ನೋಡಿದರೆ ಎರಡು ಹೆಸರು: ತನ್ನದು, ಷಡ್ಡಕನದು. ಗುರುವಿಗೇ ತಿರುಮಂತ್ರ! ಭಾನುವಾರ ಎಂಟು ಗಂಟೆಗೆ ರೇಡಿಯೋದಲ್ಲೇ ಮತ.

ವಾರವೆಲ್ಲ ಗಿರಾಕಿಗಳನ್ನು "ನಾಳೆ ಬನ್ನಿ" ಎಂದು ಸಾಗಹಾಕಿ ತಾನೂ ಅಂಥದ್ದೇ ಡಬ್ಬಿ ಕಟ್ಟಿದ. ಷಡ್ಡಕ ತನ್ನ ಡಬ್ಬಿಯ ತಿರುಪನ್ನು ಅರ್ಧಕ್ಕೆ ಇಡುತ್ತಿದ್ದ. ಇವನು ಪೂರ್ತಿ ಬಲಕ್ಕೆ ತಿರುಗಿಸಿದ. ಹಾಗೆ ಮಾಡಿದರೆ ಮನೆಯ ಸಣ್ಣ ಸದ್ದೂ ಎದ್ದು ಕೂರುತ್ತದೆ ಎಂದು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವನು ಇವನೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು. ಮತಗಳನ್ನು ಬರೆದುಕೊಳ್ಳಲು ಕೈ ಖಾಲಿ ಇರಲಿ ಎಂದು ವಾಕ್ಸ್ ಸ್ವಿಚ್ಚನ್ನೂ ಹಾಕಿಟ್ಟ. ಅದು ಹಾಕಿದ್ದರೆ ಮಾತಾಡಿದೊಡನೆ ಪ್ರಸಾರ ತಾನಾಗಿ ಶುರುವಾಗುತ್ತದೆ, ಸುಮ್ಮನಾದರೆ ನಿಲ್ಲುತ್ತದೆ.

ಭಾನುವಾರ ಮೇಷ್ಟ್ರು, "ಇಬ್ರೂ ಎರಡೆರಡು ಮಾತು ಹೇಳಿ. ಆಮೇಲೆ ಎಲ್ರೂ ಸ್ವಲ್ಪ ಯೋಚ್ನೆ ಮಾಡಿ ಮತ ಹೇಳಿ" ಎಂದರು. ಷಡ್ಡಕ ಮಾತಾಡಿದ. ಆಮೇಲೆ ಇವನು ಮಾತಾಡಿ ಮುಗಿಸಿದ. ರೇಡಿಯೋ ಗಪ್‌ಚಿಪ್ ಆಯಿತು. ಯೋಚಿಸುತ್ತಿದ್ದಾರೆ, ಯೋಚಿಸಲಿ ಎಂದುಕೊಂಡ.

ಹೆಂಡತಿ ಚಹಾ ತಂದಳು. "ಆಯ್ತೇನ್ರೀ?"

"ಆಯ್ತು. ನಿನ್ನ ತಂಗಿ ಗಂಡನ್ನ ಅದೆಷ್ಟು ಮೆರೆಸ್ತಾರೋ ನೋಡ್ತೀನಿ."

"ಪಾಪ, ಅವರೇನು ಮಾಡಿದ್ದಾರ್ರೀ ನಿಮಗೆ? ಮೊನ್ನೆ ಜ್ವರ ಬಂದಾಗ ಮನೆವರೆಗೂ ಮಾತ್ರೆ ತಂದ್ಕೊಟ್ರು."

"ಅದನ್ನೂ ಅವನೇ ಮಾಡ್ಬೇಕಾ? ಆ ದನಿ ಅವನ್ದಲ್ಲ ಕಣೇ, ಡಬ್ಬೀದು. ಡಬ್ಬಿ ಕಿತ್ತರೆ ನಾಯೀನೂ ಮೂಸಲ್ಲ ಅವನ್ನ."

"ಹೊಟ್ಟೆಕಿಚ್ಚಾ?"

ಅವನು ದನಿ ತಗ್ಗಿಸಿದ. "ಹೌದು, ಹೊಟ್ಟೆಕಿಚ್ಚೇ. ಎಲ್ಲ ನಾನೇ ಕಲಿಸಿದ್ದು. ಅವನ ಮಾತು ಕೇಳ್ದಾಗೆಲ್ಲ ಇಲ್ಲಿ ಉರಿಯುತ್ತೆ. ನಾನು ಗೆಲ್ಲದೇ ಇದ್ರೂ ಪರವಾಗಿಲ್ಲ, ಅವನು ಸೋತ್ರೆ ಸಾಕು."

"ಅದ್ಯಾಕ್ರೀ ಆ ಮುಳ್ಳು ಕುಣೀತಿದೆ?" ಅವಳು ಸೆಟ್ಟಿನ ಕಡೆ ಕೈ ಮಾಡಿದಳು.

ಪ್ರಸಾರದ ಮೀಟರಿನ ಮುಳ್ಳು ಟಿಕ್ ಟಿಕ್ ಎಂದು ಜಿಗಿಯುತ್ತಿತ್ತು. ಕೋಣೆಯ ಗೋಡೆ ತುಂಬ ರಿಪೇರಿಗೆ ಬಂದ ಗಡಿಯಾರಗಳು. ಅವುಗಳ ಸದ್ದನ್ನು ಡಬ್ಬಿ ಎತ್ತಿ ಎತ್ತಿ ಕೊಟ್ಟಿತ್ತು. ಅದನ್ನೇ ಮಾತೆಂದು ತಿಳಿದು ವಾಕ್ಸ್ ಪ್ರಸಾರವನ್ನು ನಿಲ್ಲಿಸಿಯೇ ಇರಲಿಲ್ಲ. ಪ್ರಸಾರದಲ್ಲಿರುವವನಿಗೆ ಬೇರೆ ಯಾರ ದನಿಯೂ ಕೇಳಿಸುವುದಿಲ್ಲ. ಅವನ ಪಿಸುಮಾತು ಮಾತ್ರ ಕೂಟದವರ ಹದಿನೆಂಟು ಮನೆಗಳಲ್ಲಿ ಸ್ಪಷ್ಟವಾಗಿ ಕೇಳಿಸಿತ್ತು.

ಅವನು ಥಟ್ಟನೆ ವಾಕ್ಸ್ ತೆಗೆದ. ಯಾರೋ ಕಿಸಕ್ಕನೆ ನಕ್ಕರು. "ನಿಲ್ಸಿ ನಿಲ್ಸಿ ಅಂತ ನಾಲ್ಕು ಸಲ ಕೂಗ್ದೆನಲ್ರೀ" ಎಂದರು ಮೇಷ್ಟ್ರು, ತಾವೇ ತಪ್ಪು ಮಾಡಿದವರ ಹಾಗೆ.

ಆಮೇಲೆ ರೇಡಿಯೋದಲ್ಲಿ ಷಡ್ಡಕ ಬಂದ. ದನಿ ತೆಳ್ಳಗಿತ್ತು.

"ಡಬ್ಬಿ ಕಿತ್ತಿಟ್ಟಿದ್ದೀನಿ ಭಾವ. ಮೇಷ್ಟ್ರೇ, ನನ್ನ ಹೆಸರು ತೆಗೆದುಬಿಡಿ. ಭಾವ ಹೇಳಿದ್ದು ನಿಜ, ಎಲ್ಲ ಅವರೇ ಕಲಿಸಿದ್ದು. ನನ್ನ ಮತ ಅವರಿಗೇ."

ಒಬ್ಬೊಬ್ಬರಾಗಿ ಎಲ್ಲರೂ ಗಡಿಯಾರದವನ ಹೆಸರನ್ನೇ ಹೇಳಿದರು. ಹೇಳುವ ಮುಂಚೆ ಪ್ರತಿಯೊಬ್ಬರೂ ಷಡ್ಡಕನ ದೊಡ್ಡ ಮನಸ್ಸನ್ನು ಹೊಗಳಿದರು. ಗಡಿಯಾರದವನು ತಲೆ ತಗ್ಗಿಸಿ ಒಂದೊಂದೇ ಗೆರೆ ಹಾಕುತ್ತಾ ಹೋದ. ಇಪ್ಪತ್ತು ವರ್ಷ ಆಸೆಪಟ್ಟ ಕುರ್ಚಿ ಸಿಕ್ಕಿತು. ಆ ಕುರ್ಚಿಯಿಂದ ಅವನಾಡಬೇಕಾದ ಮೊದಲ ಮಾತು ಷಡ್ಡಕನಿಗೆ ಥ್ಯಾಂಕ್ಸ್. ಹೇಳಿದ.

ಕೂಟ ಮುಗಿದ ಮೇಲೆ ಎದ್ದು ಹೋಗಿ ಗೋಡೆಯ ಪ್ಲಗ್ಗನ್ನೇ ಕಿತ್ತ. ಕಿತ್ತದ್ದನ್ನು ಎರಡು ಸಲ ನೋಡಿಕೊಂಡ. ಆಮೇಲೆ ಹೆಂಡತಿಗೆ ಹೇಳಿದ:

"ಸೋತಿದ್ರೆ ಒಂದು ವಾರ ಉರೀತಿದ್ದೆ ಕಣೇ. ಈಗ ದಿನಾ ಬೆಳಿಗ್ಗೆ ಆ ಕುರ್ಚೀಲಿ ಕೂತು ಉರೀಬೇಕು."