ಅತ್ತೆಯ ಮೈ, ಸೊಸೆಯ ತೋಳು

ಅತ್ತೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗ ಮನೆಯವರೆಲ್ಲ ಅಯ್ಯೋ ಅಂದರು. ಸೊಸೆಯೂ ಅಂದಳು, ಆದರೆ ಒಳಗೊಳಗೇ ಅವಳಿಗೊಂದು ಆಸೆ ಚಿಗುರಿತು. ಪಾಪ, ಕೆಟ್ಟವಳೇನಲ್ಲ. ಮದುವೆಯಾಗಿ ಬಂದು ವರ್ಷವಾದರೂ ಅತ್ತೆಯ ಸ್ವೆಟರ್ ಅಂಗಡಿಯಲ್ಲಿ ಅವಳ ಪಾಲಿಗೆ ಬಂದದ್ದು ಗುಂಡಿ ಹೊಲಿಯುವ ಕೆಲಸ ಮಾತ್ರ. ಹೆಣಿಗೆಯ ಕಡ್ಡಿ ಮುಟ್ಟಿದರೆ ಸಾಕು, "ಇಡು ಅಲ್ಲಿ" ಅನ್ನುತ್ತಿದ್ದರು ಅತ್ತೆ. ಈ ಅಂಗಡಿಯ ಒಂದು ಸ್ವೆಟರಿಗಾದರೂ ತನ್ನ ಕೈ ತಾಗಬೇಕು, ಅತ್ತೆ ಅದನ್ನು ಒಪ್ಪಬೇಕು. ಅಷ್ಟೇ ಅವಳ ಹಂಬಲ.

ಬೇಕರಿಯವನ ಪಟ್ಟೆ ಸ್ವೆಟರು ಅರ್ಧಕ್ಕೆ ನಿಂತಿತ್ತು. ಮೈ ಮುಗಿದಿತ್ತು, ತೋಳುಗಳು ಬಾಕಿ. ಹೊಸ ಬೇಕರಿ ತೆರೆಯುವ ದಿನ ಅದನ್ನೇ ತೊಡುತ್ತೇನೆಂದು ಆತ ಊರಿಗೆಲ್ಲ ಹೇಳಿಕೊಂಡಿದ್ದ. ಅತ್ತೆಯ ಪಟ್ಟೆ ಅಂದರೆ ಸುಮ್ಮನೆಯೇ? ಕೈ ಇಳಿಬಿಟ್ಟು ನಿಂತರೆ ನೀಲಿ ಗೆರೆ ಒಂದು ತೋಳಿನಿಂದ ಎದೆ ದಾಟಿ ಇನ್ನೊಂದು ತೋಳಿಗೆ ಹೋಗಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು.

"ಬೇರೆ ದಾರಿಯಿಲ್ಲ, ತೋಳು ನೀನೇ ಹೆಣಿ. ಒಂದೊಂದು ಪಟ್ಟೆಗೂ ನಾನು ಹಾಕಿದಷ್ಟೇ ಸಾಲು ಹಾಕು" ಎಂದರು ಅತ್ತೆ, ಮುಖ ಸಿಂಡರಿಸಿಕೊಂಡು.

ಸೊಸೆ ಹಿರಿಹಿರಿ ಹಿಗ್ಗಿ ಹೆಣೆದಳು. ಮೈಯ ಪಕ್ಕದಲ್ಲಿ ತೋಳಿಟ್ಟು ನೋಡಿದರೆ, ಕೆಳಗೆ ಕೂಡಿದ ಪಟ್ಟೆಗಳು ಕಂಕುಳಿಗೆ ಬರುವಷ್ಟರಲ್ಲಿ ದಿಕ್ಕಾಪಾಲು! ನೀಲಿಯ ಎದುರಿಗೆ ಬಿಳಿ. ಎಣಿಸಿ ನೋಡಿದರು, ಸಾಲು ಒಂದೂ ತಪ್ಪಿರಲಿಲ್ಲ. ಅತ್ತೆಯ ಹೆಣಿಗೆ ಬಿಗಿ, ಸೊಸೆಯದು ಸಡಿಲ. ಸಪೂರ ಕಡ್ಡಿ ಹಿಡಿದೂ ನೋಡಿದ್ದಾಯಿತು, ತೋಳು ರಟ್ಟಿನಂತೆ ಸೆಟೆದುಕೊಂಡಿತು. ಸೊಸೆಯ ಮುಖ ಬಾಡಿತು. ಎಲ್ಲ ಬಿಚ್ಚಿ ಮತ್ತೆ ಶುರುಮಾಡಿದಳು.

ಅತ್ತೆ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. "ನಿಮ್ಮಮ್ಮ ಟೀ ಮಾಡ್ತಾರಲ್ಲ, ಅದನ್ನ ಕುಡಿದ ಮೇಲೂ ಟೀ ಕುಡೀಬೇಕು ಅನ್ಸತ್ತೆ ನೋಡು."

ಸೊಸೆಯ ಕಿವಿ ಬಿಸಿಯಾಯಿತು. ತುಟಿ ಕಚ್ಚಿ ನೂಲು ಜಗ್ಗಿದಳು.

"ನಿಮ್ಮಣ್ಣ ಹಾಡ್ತಾನೆ ಅಂತೀಯಲ್ಲ? ಮದುವೆ ದಿನ ನಾನು ಯಾರಿಗೋ ಹೊಟ್ಟೆನೋವು ಬಂತು ಅಂದ್ಕೊಂಡೆ."

ಕಡ್ಡಿಗಳು ಕಟಕಟ ಹಲ್ಲು ಕಡಿದವು. ತವರಿನ ಬೆಕ್ಕನ್ನೂ ಬಿಡಲಿಲ್ಲ ಅತ್ತೆ. ತೋಳು ಮುಗಿದಾಗ ಸೊಸೆ ಅದನ್ನು ಮೇಜಿನ ಮೇಲೆ ರಪ್ಪನೆ ಎಸೆದಳು. ಅತ್ತೆ ಮೈಯ ಪಕ್ಕಕ್ಕಿಟ್ಟರು. ಪಟ್ಟೆಗೆ ಪಟ್ಟೆ, ನೀಲಿಗೆ ನೀಲಿ!

"ಸಿಟ್ಟು ಬಂದ್ರೆ ಕೈ ಬಿಗಿಯಾಗತ್ತೆ ಕಣೆ" ಎಂದು ಅತ್ತೆ ಕಿಸಕ್ಕನೆ ನಕ್ಕರು. "ನನ್ನ ಕೈ ಹೀಗಾಗಿದ್ದು ನಮ್ಮತ್ತೆಯಿಂದ. ಒಂದು ದಿನ ಬಾಯಿ ಮುಚ್ಕೊಂಡಿದ್ರೆ ಕೇಳು."

ಗುಟ್ಟು ರಟ್ಟಾದ ಮೇಲೆ ಎಲ್ಲಿಯ ಸಿಟ್ಟು? ಎರಡನೆಯ ತೋಳಿಗೆ ಅತ್ತೆ ಏನೇ ಬೈಯಲಿ, ಸೊಸೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಒಳಗಿನಿಂದ ಮಾವನೂ ಎರಡು ಬೈಗುಳ ಕೊಟ್ಟು ನೋಡಿದರು. ನಗು ಜಾಸ್ತಿಯಾಯಿತೇ ಹೊರತು ಕೈ ಬಿಗಿಯಾಗಲಿಲ್ಲ. ತೋಳು ಮುಗಿಯಿತು. ಮತ್ತೆ ನೀಲಿಯ ಎದುರಿಗೆ ಬಿಳಿ.

ಸೊಸೆಯ ನಗು ನಿಂತಿತು. ಇನ್ನೇನು, "ಇಡು ಅಲ್ಲಿ" ಅನ್ನುತ್ತಾರೆ.

ಅತ್ತೆ ಆ ತೋಳನ್ನು ಕೆನ್ನೆಗೆ ಒತ್ತಿ ನೋಡಿದರು. ಆಮೇಲೆ ತಾವು ಹೆಣೆದ ಮೈಯನ್ನು ತೊಡೆಯ ಮೇಲೆಳೆದುಕೊಂಡು, ನೂಲಿನ ತುದಿ ಹುಡುಕಿ, ಎಡಗೈಯಿಂದ ಸರ್ರನೆ ಎಳೆದರು.

"ಅಯ್ಯಯ್ಯೋ, ಅತ್ತೆ! ಬೇಡ!"

"ಸುಮ್ನಿರು. ನೀನು ನಗ್ತಾ ಹೆಣೆದಿದ್ದು ಎಷ್ಟು ಮೆತ್ತಗಿದೆ ಗೊತ್ತಾ? ನಾನು ಇಷ್ಟು ವರ್ಷ ಜನಕ್ಕೆ ಸಿಟ್ಟು ತೊಡಿಸಿದ್ದೀನಿ. ಮೈ ನೀನೇ ಹೆಣಿ, ಆ ಸಿಟ್ಟಿನ ತೋಳನ್ನೂ ಬಿಚ್ಚಿ ನೀನೇ ಹೆಣಿ. ಒಂದೇ ಕೈ ಆದ್ರೆ ಪಟ್ಟೆ ಯಾಕೆ ಕೂಡಲ್ಲ?"

ಅತ್ತೆಯ ಬಿಗಿ ಸಾಲುಗಳು ಒಂದೊಂದಾಗಿ ಬಿಚ್ಚಿ ನೆಲಕ್ಕೆ ಬಿದ್ದವು. ಸೊಸೆ ಕಡ್ಡಿ ಎತ್ತಿಕೊಂಡಳು. ಖುಷಿಗೆ ಕಣ್ಣು ತುಂಬಿ ಹೆಣಿಗೆಯೇ ಕಾಣಲಿಲ್ಲ.

"ಏಯ್, ಅಳಬೇಡ್ವೇ!" ಎಂದು ಗದರಿದರು ಅತ್ತೆ. "ಅಳ್ತಾ ಹೆಣೆದ್ರೆ ಪಟ್ಟೆ ಎಲ್ಲಿಗೆ ಹೋಗತ್ತೋ, ಅದು ನಂಗೂ ಗೊತ್ತಿಲ್ಲ."