ಕೆಡಿಸಿದರೂ ಹಸಿರು

ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತವಳು ನಾನು. ಇದನ್ನೆಲ್ಲ ಹೇಳುವಷ್ಟು ದೊಡ್ಡವಳಲ್ಲ. ಎಲ್ಲಾದರೂ ತಪ್ಪಿದ್ದರೆ ಕ್ಷಮಿಸಿ. ಆದರೆ ಹೇಳದೆ ಇದ್ದರೆ ಒಳಗಿನ ಉರಿ ಆರುವುದಿಲ್ಲ.

ನಮ್ಮ ಆಫೀಸಿನಲ್ಲಿ ಆಸ್ಪತ್ರೆಯ ಡ್ರಿಪ್ ಪಂಪ್‌ಗೆ ಪ್ರೋಗ್ರಾಂ ಬರೆಯುತ್ತೇವೆ. ಕೊಳವೆಯಲ್ಲಿ ದೊಡ್ಡ ಗಾಳಿಗುಳ್ಳೆ ಬಂದರೆ ಪಂಪ್ ನಿಂತು ಅಲಾರಂ ಹೊಡೆಯಬೇಕು. ನನ್ನಕ್ಕ ನರ್ಸ್. ವಾರ್ಡ್ ತುಂಬ ರೋಗಿಗಳಿರುವಾಗ ಅವಳು ಆ ಸದ್ದನ್ನೇ ನಂಬಿಕೊಂಡು ಓಡಾಡುತ್ತಾಳೆ.

ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ರಾಶಿ ಟೆಸ್ಟ್‌ಗಳಿವೆ. ಪಾಸಾದರೆ ಪರದೆಯಲ್ಲಿ ಹಸಿರು, ಫೇಲಾದರೆ ಕೆಂಪು. ಹಸಿರು ಕಂಡರೆ ಸಾಕು, ನಮ್ಮ ಮ್ಯಾನೇಜರ್ ಮುಖ ಅರಳುತ್ತದೆ. ಬೆನ್ನ ಹಿಂದೆ ಎಲ್ಲರೂ ಅವರನ್ನು ಹಸಿರಣ್ಣ ಎನ್ನುತ್ತಾರೆ.

ಹೊಸ ಪಂಪ್‌ಗೆ ಒಪ್ಪಿಗೆ ಕೊಡುವ ಸರದಿ ನನ್ನದಾಗಿತ್ತು. ನನಗೋ ಬೀಗ ಹಾಕಿದ ಮೇಲೂ ಎಳೆದು ನೋಡುವ ಚಾಳಿ. ಪ್ರೋಗ್ರಾಂನ ಒಂದು ಪ್ರತಿ ಮಾಡಿಕೊಂಡು, ಬೇಕೆಂದೇ ಅದನ್ನು ಕೆಡಿಸಿದೆ: ಗುಳ್ಳೆ ದೊಡ್ಡದಿದ್ದರೆ ಅಲಾರಂ ಎಂದಿದ್ದಲ್ಲಿ ಚಿಕ್ಕದಿದ್ದರೆ ಎಂದು ತಿರುಗಿಸಿದೆ. ಟೆಸ್ಟ್ ಕೆಂಪಾಗಲೇಬೇಕು. ಹಸಿರು! ಔಷಧಿ ಮುಗಿದರೆ, ಕೊಳವೆ ಕಟ್ಟಿಕೊಂಡರೆ ಅಲಾರಂ ಹೊಡೆಸುವ ಸಾಲುಗಳನ್ನೇ ಕಿತ್ತುಹಾಕಿದೆ. ಆಗಲೂ ಹಸಿರು! ನಾನೇ ಏನೋ ಎಡವಟ್ಟು ಮಾಡಿರಬೇಕು ಅಂದುಕೊಂಡು ಟೆಸ್ಟ್‌ಗಳನ್ನು ಬಿಚ್ಚಿ ಓದಿದೆ. ಅವು ಪ್ರೋಗ್ರಾಂನ ಪ್ರತಿ ಸಾಲನ್ನೂ ಓಡಿಸುತ್ತಿದ್ದವು. ಉತ್ತರ ಏನು ಬಂತೆಂದು ಮಾತ್ರ ಯಾವುದೂ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಗಸ್ತು ತಿರುಗಿದ ಹಾಗೆ.

ಹಸಿರಣ್ಣನಿಗೆ ತೋರಿಸಿದೆ.

"ಅಲ್ಲಮ್ಮಾ, ಸರಿಯಿದ್ದದ್ದನ್ನ ನೀನೇ ಕೆಡಿಸಿ, ಕೆಟ್ಟಿದೆ ಅಂತೀಯಲ್ಲ!"

"ಕೆಡಿಸಿದ್ದು ಗೊತ್ತೇ ಆಗ್ಲಿಲ್ವಲ್ಲ ಸಾರ್, ಅದೇ ನನ್ನ ತಕರಾರು."

ಪಕ್ಕದ ಮೇಜಿನವನು ನಕ್ಕ. "ಕೆಡಿಸೋಕೂ ಸಂಬಳಾನಾ? ನಮ್ಮನೆ ಪಾಪೂನ ಸೇರಿಸ್ಕೊಳ್ಳಿ ಸಾರ್, ಪುಕ್ಕಟೆ ಮಾಡ್ತಾನೆ."

ಅಲ್ಲೇ ಕೂತು, ಗಾಳಿಗುಳ್ಳೆಯ ಸಾಲಿಗೆ ನಿಜವಾಗಿ ಉತ್ತರ ನೋಡುವ ಟೆಸ್ಟ್ ಬರೆದೆ. ಕೆಡಿಸಿದ ಪ್ರತಿಯಲ್ಲಿ ಕೆಂಪು, ಅಸಲಿನಲ್ಲಿ ಹಸಿರು. ಉಳಿದವಕ್ಕೂ ಬರೆಯಲು ಒಂದು ವಾರ ಕೇಳಿದೆ.

"ನೋಡಿದ್ಯಾ, ಸರಿಯಾಗೇ ಇತ್ತು. ಸುಮ್ನೆ ಎಲ್ಲರಿಗೂ ಗಾಬರಿ," ಎಂದವರೇ ಹಸಿರಣ್ಣ, ನಾನು ಒಪ್ಪದಿದ್ದರೂ ತಾವೇ ಒಪ್ಪಿಗೆ ಕೊಟ್ಟುಬಿಟ್ಟರು. ನನ್ನನ್ನು ಬೇರೆ ಕೆಲಸಕ್ಕೆ ಹಾಕಿದರು. ಆ ಪ್ರೋಗ್ರಾಂ ಮುಟ್ಟುವ ಹಾಗೇ ಇಲ್ಲ.

ಆ ಪಂಪ್‌ಗಳು ಈಗ ಅಕ್ಕನ ವಾರ್ಡಿಗೂ ಬಂದಿವೆ. ತಡೆಯಲಾರದೆ ಅವಳಿಗೆ ಹೇಳಿದೆ.

"ಹಾಗಾದ್ರೆ ಅದು ಹೊಡ್ಕೊಳ್ಳಲ್ವೇನೇ?"

"ಗಾಳಿಗೆ ಹೊಡ್ಕೊಳ್ಳತ್ತೆ ಅಕ್ಕಾ. ಔಷಧಿ ಮುಗಿದ್ರೆ, ಕೊಳವೆ ಕಟ್ಕೊಂಡ್ರೆ... ಹೊಡ್ಕೋಬಹುದು."

"ಬಹುದು ಅಂದ್ರೇನೇ? ಸದ್ದಿಲ್ಲ ಅಂದ್ರೆ ಎಲ್ಲಾ ಸರಿಯಿದೆ ಅಂತ್ಲೇ ನಾನು ಇನ್ನೊಬ್ರ ಹತ್ರ ಹೋಗೋದು!"

ಉಳಿದ ಅಲಾರಂಗಳು ತಪ್ಪಿವೆ ಎಂದು ನಾನು ಹೇಳುತ್ತಿಲ್ಲ. ಎಲ್ಲವೂ ಸರಿಯೇ ಇರಬಹುದು. ನನಗೆ ಗೊತ್ತಿಲ್ಲ. ಒಪ್ಪಿಗೆ ಕೊಟ್ಟ ಹಸಿರಣ್ಣನಿಗೂ ಗೊತ್ತಿಲ್ಲ.